ಗೋಕಾಕದ ಗಡಿಯಾರದ ಕಾಕಾ

ಅವರ ಬಲಗಣ್ಣಿನ ಸುತ್ತ ಬಳೆ ಒತ್ತಿದಂತೆ ಒಂದು ದುಂಡನೆಯ ಗುರುತಿತ್ತು. ನಲವತ್ತು ವರ್ಷ ಅಲ್ಲಿ ಭೂತಗನ್ನಡಿ ಸಿಕ್ಕಿಸಿಕೊಂಡು ಕೈಗಡಿಯಾರ ರಿಪೇರಿ ಮಾಡಿದ್ದರ ಗುರುತು. ಎಲ್ಲರೂ ಗಡಿಯಾರದ ಕಾಕಾ ಅನ್ನುತ್ತಿದ್ದರು. ಗೋಕಾಕದ ಪೇಟೆಯಲ್ಲಿ ಅವರ ಅಂಗಡಿ ಒಬ್ಬರು ಕೂಡುವಷ್ಟೇ. ಆದರೂ ಹುಕ್ಕೇರಿ, ಸಂಕೇಶ್ವರದಿಂದೆಲ್ಲ ಸ್ವಿಸ್ ಗಡಿಯಾರಗಳು ಅವರನ್ನೇ ಹುಡುಕಿಕೊಂಡು ಬರುತ್ತಿದ್ದವು.

ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು ಜೋಡಿಸಿದರೆ ಅವರಿಗೆ ಕೆಲಸ ಮುಗಿಯುತ್ತಿರಲಿಲ್ಲ. ಮೊಬೈಲಿನ ವೇಳೆಗೆ ಹೊಂದಿಸಿ, ಅಂಗಾತ ಒಂದು ದಿನ, ಬೋರಲು ಒಂದು ದಿನ, ನಾಲ್ಕು ಅಂಚಿನ ಮೇಲೆ ನಿಲ್ಲಿಸಿ ನಾಲ್ಕು ದಿನ, ಹೀಗೆ ಆರೂ ಮಗ್ಗುಲಲ್ಲಿ ಓಡಿಸಿ ನೋಡುತ್ತಿದ್ದರು. ಒಮ್ಮೆ ನನ್ನೆದುರೇ ಒಬ್ಬ ಗುತ್ತಿಗೆದಾರ ರೇಗಿದ: "ದಿನಕ್ಕ ಹತ್ತು ಸೆಕೆಂಡ್ ಹೆಚ್ಚುಕಮ್ಮಿ ಆದ್ರ ಏನಾಕ್ಕೈತ್ರಿ? ಕೊಡ್ರಿ ಇತ್ತ."

ಕಾಕಾ ತಲೆ ಎತ್ತಲಿಲ್ಲ. "ಒಯ್ರಿ. ಆದ್ರ ಸರ್ವಿಸ್ ಆಗೇತಿ ಅಂತ ನನ್ನ ಹೆಸರು ಹೇಳಬ್ಯಾಡ್ರಿ."

ಗುತ್ತಿಗೆದಾರ ಗಡಿಯಾರ ಅಲ್ಲೇ ಬಿಟ್ಟು ಹೋದ.

ನಾನು ಮೂಡಲಗಿಯಲ್ಲಿ ಶಾಲೆಯ ಟೀಚರು, ಮಂದಿಯ ಬಾಯಲ್ಲಿ ಅಕ್ಕೋರು. ಗಂಡ ತೀರಿಕೊಂಡ ಮೇಲೆ ಅವರ ಸ್ವಿಸ್ ಗಡಿಯಾರಕ್ಕೆ ದಿನಾ ನಾನೇ ಕೀಲಿ ಕೊಡುತ್ತಿದ್ದೆ. ಅದು ದಿನಕ್ಕೆ ಎರಡು ನಿಮಿಷ ಹಿಂದೆ ಬೀಳತೊಡಗಿದಾಗ ಕಾಕಾ ಕೈಗೆ ಕೊಟ್ಟೆ. ಎರಡು ವಾರ ಕಳೆದು ಅವರೇ ಬಸ್ ಹತ್ತಿ ನಮ್ಮ ಮನೆಗೆ ಬಂದರು. ಬಿಳಿ ಬಟ್ಟೆಯ ಗಂಟು ಬಿಚ್ಚಿ ಮೇಜಿನ ಮೇಲಿಟ್ಟರು. ಗಡಿಯಾರದ ಪಕ್ಕದಲ್ಲಿ ಕೂದಲೆಳೆಯಂಥ ಸ್ಪ್ರಿಂಗ್, ಎರಡು ತುಂಡಾಗಿ.

"ಮುರದಾಂವ ನಾನರಿ ಅಕ್ಕೋರ. ಕೈ ನಡುಗಿತು. ಇಂಥಾದ್ದು ಸಿಗೂದು ಕಷ್ಟ ಐತಿ. ಮುಂಬೈಗೆ ಕೇಳೇನಿ."

ಅವರ ಬೆರಳು ಆಗಲೂ ನಡುಗುತ್ತಿದ್ದವು. ನಾನು ನಿಂತ ಮುಳ್ಳುಗಳನ್ನೇ ನೋಡುತ್ತಿದ್ದೆ. "ಕೈ ನಡುಗೂದು ಗೊತ್ತಿದ್ದೂ ಮಂದಿ ಗಡಿಯಾರ ಯಾಕ ಮುಟ್ಟತೀರಿ?" ಅಂದುಬಿಟ್ಟೆ.

ಕಾಕಾ ಚಹಾ ಮುಟ್ಟದೆ ಎದ್ದರು. ಆ ವಾರವೇ, ರಿಪೇರಿಗೆ ಬಂದಿದ್ದ ಗಡಿಯಾರಗಳನ್ನೆಲ್ಲ ಊರೂರು ತಿರುಗಿ ವಾಪಸು ಕೊಟ್ಟು ಅಂಗಡಿಗೆ ಬೀಗ ಹಾಕಿದರಂತೆ. ತಪ್ಪಾಯಿತು ಅನ್ನಬೇಕೆಂದು ಎರಡು ಸಲ ಗೋಕಾಕಕ್ಕೆ ಹೋದೆ. ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಬಂದೆ. ಮೂರನೆಯ ಸಲ ಮನೆಯವರೆಗೆ ಹೋದಾಗ ಅವರು ತೀರಿಕೊಂಡು ಒಂಬತ್ತು ದಿನವಾಗಿತ್ತು.

ಅವರ ಹೆಂಡತಿ ನನ್ನ ಕೈ ಹಿಡಿದು ಕೂಡಿಸಿದರು. ನಡುಕ ಹೆಚ್ಚಾಗಿ ಕಡೆಕಡೆಗೆ ಕಾಕಾಗೆ ಅನ್ನ ಕಲಸಲೂ ಆಗುತ್ತಿರಲಿಲ್ಲವಂತೆ. ಉಣಿಸಹೋದರೆ ಬಾಯಿ ಬಿಗಿ ಹಿಡಿಯುತ್ತಿದ್ದರಂತೆ.

"ನಾ ಅವತ್ತ ಹಂಗ ಅನಬಾರದಿತ್ರಿ," ಅಂದೆ.

"ನಿಮ್ಮ ಮ್ಯಾಲ ಸಿಟ್ಟಿರಲಿಲ್ಲ ಬಿಡ್ರಿ," ಅಂದರು ಆಕೆ. "'ಆ ಅಕ್ಕೋರು ಖರೇನ ಹೇಳಿದ್ರು' ಅಂತಿದ್ರು. ದಿನಾ ಅದನ್ನ ಅಂತಿದ್ರು."