ಕೇಳದ ಕಿವಿಗೆ ಕೇಳಿಸಿದ್ದು

ಶಕುನ, ದೆವ್ವ, ನಿಜವಾದ ಕನಸು ಎಂದೆಲ್ಲ ಹೇಳುವವರ ಮುಂದೆ ನಾನು ಮುಖ ಮುಚ್ಚಿಕೊಳ್ಳದೆ ನಕ್ಕವಳು. ಕೊಪ್ಪಳ–ಗಂಗಾವತಿ ದಾರಿಯಲ್ಲಿ ದಿನವಿಡೀ ಬಸ್ಸಿನಲ್ಲಿ ನಿಂತು ಟಿಕೆಟ್ ಕೊಡುವವಳಿಗೆ ಅಂಥದ್ದಕ್ಕೆ ಪುರುಸೊತ್ತೂ ಇರಲಿಲ್ಲ. ಈಗಲೂ ಅವನ್ನು ನಂಬುತ್ತೇನೆಂದು ಹೇಳಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ.

ಚಿಕ್ಕಂದಿನಿಂದ ನನ್ನ ಬಲಗಿವಿ ಸೋರುತ್ತಿತ್ತು. ಹತ್ತಿ ಇಟ್ಟುಕೊಂಡು, ಎಣ್ಣೆ ಬಿಟ್ಟುಕೊಂಡು ಕಾಲ ತಳ್ಳಿದ್ದೆ. ಕೆಲವು ವರ್ಷಗಳ ಹಿಂದೆ ವಾಸನೆ ಹೆಚ್ಚಾಗಿ, ಬಸ್ಸಿನಲ್ಲೇ ತಲೆ ತಿರುಗಿ ಬಿದ್ದಾಗ ಹುಬ್ಬಳ್ಳಿಗೆ ಹೋದೆ. ಡಾಕ್ಟರು ಕೊಲೆಸ್ಟಿಯಾಟೋಮಾ ಎಂಬ ಹೆಸರು ಹೇಳಿದರು. ಕಿವಿಯೊಳಗೆ ಚರ್ಮ ಗಂಟಾಗಿ ಬೆಳೆದು ಎಲುಬನ್ನೇ ತಿನ್ನುತ್ತಿತ್ತಂತೆ. ಹಾಗೇ ಬಿಟ್ಟರೆ ಮಿದುಳಿಗೂ ಅಪಾಯ. ಆಪರೇಷನ್ ಆಯಿತು. ಗಂಟಿನ ಜೊತೆ ಒಳಗಿನ ಸಣ್ಣ ಎಲುಬುಗಳನ್ನೂ ತೆಗೆಯಬೇಕಾಯಿತು. ಒಳಕಿವಿ ಅದಾಗಲೇ ಕೆಟ್ಟಿತ್ತು.

“ಜೀವಕ್ಕ ಧೋಕಾ ಇಲ್ರಿ. ಆದ್ರ ಆ ಕಿವಿ ಇನ್ನ ಕೇಳೂದಿಲ್ಲ,” ಎಂದರು.

ಗಿಣಿಗೇರಾದ ಮನೆಗೆ ಮರಳಿದೆ. ತಲೆಗೆ ಪಟ್ಟಿ, ಕಿವಿ ತುಂಬ ಔಷಧದ ಬಟ್ಟೆ. ಕಿವಿಯೊಳಗೆ ಹಾಯುವ ರುಚಿಯ ನರಕ್ಕೂ ಪೆಟ್ಟಾಗಿ, ನಾಲಿಗೆಯ ಬಲಭಾಗಕ್ಕೆ ಚಹಾದ ಸಿಹಿ ತಿಳಿಯುತ್ತಿರಲಿಲ್ಲ. ಎದ್ದು ನಿಂತರೆ ನೆಲ ತೇಲಿದಂತಾಗುತ್ತಿತ್ತು. ಎಲ್ಲಕ್ಕಿಂತ ಕಷ್ಟವಾದದ್ದು, ಆ ಸತ್ತ ಕಿವಿಯೊಳಗೆ ಕುಕ್ಕರಿನ ಆವಿ ಬಿಟ್ಟಂತೆ ಹಗಲಿರುಳೂ ಸುಂಯ್ ಎನ್ನುವ ಸದ್ದು.

ಒಂದು ಮಧ್ಯಾಹ್ನ ಗಂಡ ಕಾರ್ಖಾನೆಯ ಪಾಳಿಗೆ ಹೋಗಿದ್ದರು. ನಾನು ಎಡಗಿವಿಯನ್ನು ದಿಂಬಿಗೆ ಒತ್ತಿ ಮಲಗಿದ್ದೆ. ಹಾಗೆ ಮಲಗಿದರೆ ಅದಿರಿನ ಲಾರಿಗಳು ಹೋದರೂ ನನಗೆ ಕೇಳುತ್ತಿರಲಿಲ್ಲ. ನಿದ್ದೆ ಬಂದಿರಲಿಲ್ಲ, ಇದನ್ನು ಖಚಿತವಾಗಿ ಹೇಳಬಲ್ಲೆ. ಇದ್ದಕ್ಕಿದ್ದಂತೆ ಆ ಸುಂಯ್ ನಿಂತುಹೋಯಿತು. ಅಂಥ ಮೌನವನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಆಗ ಪಟ್ಟಿ ಕಟ್ಟಿದ ಬಲಗಿವಿಯಲ್ಲೇ, ಯಾರೋ ಬಾಯಿ ಹತ್ತಿರ ತಂದು ಹೇಳಿದಂತೆ, ಮೆಲ್ಲಗೆ ಕೇಳಿಸಿತು: “ಬೇಟಿ, ಬಾ ಇಲ್ಲಿ.”

ಅದು ಹಾಜರಾಬಿಯ ಧ್ವನಿ. ಓಣಿಯ ಆ ತುದಿಯಲ್ಲಿ ಬಳೆ ವ್ಯಾಪಾರ ಮಾಡುವ ಆಕೆಯನ್ನು ನಾವೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇವೆ. ಹೊರಳಿ ನೋಡಿದೆ, ಮನೆಯಲ್ಲಿ ಯಾರೂ ಇರಲಿಲ್ಲ. ಗೋಡೆ ಹಿಡಿದು ಎದ್ದೆ. ತೂರಾಡುತ್ತ, ಕಂಡ ಕಟ್ಟೆ ಕಂಬಗಳನ್ನು ಹಿಡಿಯುತ್ತ, ಆಕೆಯ ಮನೆಗೆ ಹೋದೆ. ಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಖಾಲಾ ಬಳೆಯ ಬುಟ್ಟಿಯ ಪಕ್ಕ ಬಿದ್ದಿದ್ದಳು. ಮೈ ಬೆವರಿನಲ್ಲಿ ತೊಯ್ದಿತ್ತು, ಕಣ್ಣು ಅರ್ಧ ತೆರೆದಿತ್ತು. ಆಕೆಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಿತ್ತು, ಮೈಯಲ್ಲಿ ಸಕ್ಕರೆ ತೀರಾ ಇಳಿದಿರಬೇಕು ಎನಿಸಿತು. ಡಬ್ಬಿ ಹುಡುಕಿ ಒಂದು ಚಿಟಿಕೆ ಸಕ್ಕರೆಯನ್ನು ಕೆನ್ನೆಯೊಳಗೆ ಒರೆಸಿದೆ, ಹೊಸ್ತಿಲಿಗೆ ಬಂದು ಒದರಿದೆ. ದೊಡ್ಡ ರಸ್ತೆಯಲ್ಲಿದ್ದ ಜನ ಓಡಿಬಂದು ಆಟೋದಲ್ಲಿ ಕೊಪ್ಪಳಕ್ಕೆ ಒಯ್ದರು.

“ಇನ್ನೊಂಚೂರು ತಡಾ ಆಗಿದ್ರ ಉಳೀತಿದ್ದಿಲ್ರಿ,” ಎಂದರಂತೆ ಅಲ್ಲಿಯ ಡಾಕ್ಟರು.

ಪಟ್ಟಿ ಬಿಚ್ಚಿಸಲು ಹುಬ್ಬಳ್ಳಿಗೆ ಹೋದಾಗ ಎಲ್ಲ ಹೇಳಿದೆ. ಡಾಕ್ಟರು ನಗಲಿಲ್ಲ. ಕೆಲ ದಿನಗಳ ನಂತರ ಕಿವಿಗೆ ಯಂತ್ರ ಹಚ್ಚಿ ನೋಡಿದರು. ಬಲಗಿವಿಗೆ ಏನೂ ಕೇಳಲಿಲ್ಲ. ಸದ್ದು ಕಳೆದುಕೊಂಡ ಕಿವಿಗೆ ಮಿದುಳು ತಾನೇ ಸದ್ದು ಕಟ್ಟಿಕೊಡುತ್ತದೆ, ಒಮ್ಮೊಮ್ಮೆ ಮಾತನ್ನೂ, ಎಂದರು. ಇರಬಹುದು. ಆದರೆ ಆ ಹೊತ್ತಿಗೇ, ಆ ಧ್ವನಿಯಲ್ಲೇ ಏಕೆ ಎಂದು ಕೇಳಿದೆ. ಅವರು ಮುಂದಿನ ಸಲ ಬರಬೇಕಾದ ತಾರೀಖು ಬರೆದುಕೊಟ್ಟರು.

ಕಿವಿಗೆ ಇವತ್ತಿಗೂ ನೀರು ತಾಗುವಂತಿಲ್ಲ, ಆಗಾಗ ಹೋಗಿ ತೊಳೆಸಬೇಕು. ಬಸ್ಸಿನಲ್ಲಿ “ಈ ಕಡೆ ಬಂದು ಹೇಳ್ರಿ” ಎಂದು ಎಡಗಿವಿ ತೋರಿಸುತ್ತೇನೆ. ಇವಕ್ಕೆಲ್ಲ ಒಗ್ಗಿಕೊಂಡಿದ್ದೇನೆ. ಒಗ್ಗದೆ ಉಳಿದದ್ದು ಆ ಮಧ್ಯಾಹ್ನದ ಕರೆಯೊಂದೇ.

ಖಾಲಾ ಗುಣವಾಗಿ ಬಂದ ಮೇಲೆ ಆಕೆಯನ್ನೇ ಕೇಳಿದ್ದೆ.

“ನಾ ಒದರಲೇ ಇಲ್ಲವ್ವ. ನಾಲಿಗಿ ಹೊರಳಿದ್ರ ಒದರಬೇಕಲ್ಲ? ಬಿದ್ದಲ್ಲೇ ಮನಸಿನ್ಯಾಗ ನಿನ್ನ ಕರದೆ,” ಎಂದಳು.

“ನನ್ನನ್ನ ಯಾಕ ಖಾಲಾ? ನಾನು ಕಿವುಡಿ.”

“ಆ ಹೊತ್ತಿನ್ಯಾಗ ಓಣ್ಯಾಗ ಮನ್ಯಾಗಿದ್ದಾಕಿ ನೀ ಒಬ್ಬಾಕೇ ಅಲ್ಲೇನಬೇ?”

ಅಷ್ಟು ಹೇಳಿ ಬಳೆ ಜೋಡಿಸತೊಡಗಿದಳು. ಆಕೆಗೆ ಇದರಲ್ಲಿ ಸೋಜಿಗವೇನೂ ಕಾಣಲಿಲ್ಲ. ಮುಂದೆ ಏನು ಕೇಳಬೇಕೆಂದು ತಿಳಿಯದೆ ನಾನೂ ಬಳೆ ಜೋಡಿಸಲು ಕೂತೆ. ಇವತ್ತಿಗೂ ತಿಳಿದಿಲ್ಲ.