ಫಾರಿನ್ ಗಾಡಿಗೆ ಜಾಕ್

ನಮ್ಮ ಓಣಿಯ ಬಟ್ಟೆ ವ್ಯಾಪಾರಿ ತಮ್ಮ ಕೆಂಪು ಸ್ಪೋರ್ಟ್ಸ್ ಕಾರಿನಿಂದ ಇಳಿಯುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು. ಮೊದಲು ಒಂದು ಕಾಲು ಹೊರಬರುತ್ತಿತ್ತು, ಆಮೇಲೆ ಹೊಟ್ಟೆ, ಕೊನೆಗೆ ತಂಪು ಕನ್ನಡಕ. ಕಾರು ಯಾರೋ ಫೈಬರ್‌ನಲ್ಲಿ ಕಟ್ಟಿಕೊಟ್ಟ ನಕಲು ಎಂಬುದು ಇಂಡಿ ಊರಿಗೆಲ್ಲ ಗೊತ್ತಿತ್ತು. ಆ ಫೈಬರಿನ ಕೆಳಗೆ ಯಾವ ಗಾಡಿ ಅಡಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೂ, ಮುಟ್ಟಿದವರಿಗೂ ಅವರದು ಒಂದೇ ಮಾತು: "ಫಾರಿನ್ ಐತ್ರಿ, ಸಾವಕಾಶ."

ಒಮ್ಮೆ ನನ್ನನ್ನೂ ಕೂರಿಸಿಕೊಂಡು ಸಿಂದಗಿಗೆ ಹೋದಾಗ, ಬಸ್ ನಿಲ್ದಾಣದ ಎದುರಿಗೇ ಟೈರ್ ಪಂಕ್ಚರ್ ಆಯಿತು. ಕ್ಷಣದಲ್ಲಿ ಜನ ನೆರೆದರು. ಪಂಕ್ಚರ್ ಅಂಗಡಿಯವನು ನೆಲದ ಮೇಲೆ ಮಲಗಿ ಕಾರಿನ ಕೆಳಗೆ ಇಣುಕಿದ.

"ಜಾಕ್ ಎಲ್ಲಿ ಹಚ್ಚಲಿರಿ? ಫೈಬರ್‌ಗೆ ಹಚ್ಚಿದ್ರ ಅದು ಒಡದು ಗಾಡಿ ನನ್ನ ಮ್ಯಾಲ ಬೀಳ್ತೈತಿ. ಒಳಗಿನ ಗಾಡಿ ಯಾವುದು ಹೇಳ್ರಿ."

ವ್ಯಾಪಾರಿ ಸುತ್ತಲೂ ನೋಡಿದರು. ಕನ್ನಡಕ ತೆಗೆದು, ಬಗ್ಗಿ, ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಗಂಭೀರವಾಗಿ ತಲೆಯಾಡಿಸಿದ. ಉಳಿದ ಗಾಲಿಗಳು ಉರುಳದಂತೆ ಕಲ್ಲು ಇಟ್ಟ, ನಮ್ಮನ್ನೆಲ್ಲ ದೂರ ಸರಿಸಿದ. ಆಮೇಲೆ ಅಂಗಡಿಯೊಳಗಿದ್ದ ಹೆಂಡತಿಗೆ, ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ: "ಏ, ಹಾಲಿನ ವ್ಯಾನಿಗೆ ಹಚ್ತೇವಲ್ಲ, ಆ ಜಾಕ್ ಕೊಡ ಇಲ್ಲೆ."

ಎಲ್ಲರೂ ವ್ಯಾಪಾರಿಯ ಕಡೆ ತಿರುಗಿದರು. ಅವರು ನಿಧಾನವಾಗಿ ಕನ್ನಡಕ ಮತ್ತೆ ಹಾಕಿಕೊಂಡರು.

"ಆ ಹಾಲೂ ಫಾರಿನ್‌ದ ಇತ್ತಪಾ," ಎಂದರು. "ಸಾವಕಾಶ ಎತ್ತು."