ಒಂದು ಕಿಲೋಮೀಟರಿನೊಳಗೆ ಒಬ್ಬ ಮಗಳು

ಹೊಸೂರಿನಲ್ಲಿ ಮನೆ ತೋರಿಸಲು ಬಂದ ಬ್ರೋಕರ್ ನೀರಿನ ಮಾತೇ ಎತ್ತಲಿಲ್ಲ. "ಸ್ಕೂಲ್ ಗೇಟಿಂದ ಒಂದು ಕಿಲೋಮೀಟರ್ ಒಳಗೇ ಐತಮ್ಮಾ, ಅದಕ್ಕೇ ಬಾಡಿಗೆ ಜಾಸ್ತಿ," ಎಂದ. ನಗಬೇಕೋ ಬೇಡವೋ ತಿಳಿಯದೆ ನಿಂತೆ. ಚನ್ನರಾಯಪಟ್ಟಣದ ಪಕ್ಕದ ನಮ್ಮೂರಿನಲ್ಲಿ ಶಾಲೆಗೆ ಸೇರುವುದೆಂದರೆ ಅಪ್ಪನ ಕೈ ಹಿಡಿದು ಹೋಗಿ ಮೇಷ್ಟ್ರ ಮುಂದೆ ಹೆಸರು ಹೇಳುವುದು, ಅಷ್ಟೆ. ಇಲ್ಲಿ ಶಾಲೆ ಮೊದಲು ಮನೆಯ ದೂರ ಕೇಳುತ್ತದೆ. ಹತ್ತಿರದವರಿಗೆ ಮೊದಲ ಅವಕಾಶ; ಅವರೇ ಹೆಚ್ಚಾದರೆ ಕುಲುಕ್ಕಲ್. ಚೀಟಿ ಕುಲುಕಿ ಎತ್ತುವುದಕ್ಕೆ ತಮಿಳಿನಲ್ಲಿ ಹಾಗೆನ್ನುತ್ತಾರೆ.

ನಾನೂ ನನ್ನ ಗಂಡನೂ ಕಾರ್ಖಾನೆಗೆ ಹೋಗುವವರು. ಆ ಶಾಲೆಯವರು ಸಂಜೆಯವರೆಗೂ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಜನ ಮುಗಿಬೀಳುತ್ತಿದ್ದುದೂ ಅದಕ್ಕೇ. ನಮ್ಮ ಅವಳಿ ಮಕ್ಕಳಾದ ನಯನ, ನಂದಿನಿಗಾಗಿ ಆ ಇಕ್ಕಟ್ಟಿನ ಮನೆಗೇ ಬಂದೆವು.

ಕುಲುಕ್ಕಲ್‌ನಲ್ಲಿ ನಯನಳ ಚೀಟಿ ಬಂತು. ನಂದಿನಿಯದು ಬರಲಿಲ್ಲ.

"ಅವಳಿ ಮಕ್ಕಳು ಮೇಡಂ, ಒಂದೇ ಹೊಟ್ಟೇಲಿ ಇದ್ದೋರು," ಎಂದೆ ಆಫೀಸಿನಾಕೆಗೆ.

"ಒಂದು ಚೀಟಿಗೆ ಒಂದೇ ಮಗು ಅಮ್ಮಾ. ಯಾರಾದ್ರೂ ಸೀಟು ಬಿಟ್ರೆ ಕೂಗ್ತೀವಿ." ಆಕೆಯ ದನಿಯಲ್ಲಿ ಕೆಡುಕೇನೂ ಇರಲಿಲ್ಲ.

ವೇಟಿಂಗ್ ಲಿಸ್ಟಿನಲ್ಲಿ ನಂದಿನಿಯ ಮುಂದೆ ಇಬ್ಬರಿದ್ದರು. ಆಮೇಲೆ ಒಬ್ಬರಾದರು. ಅಲ್ಲಿಗೆ ನಿಂತುಹೋಯಿತು. ಫೋನ್ ಮಾಡಿ ಮಾಡಿ ನನ್ನ ತಮಿಳು ಸುಧಾರಿಸಿತು; ಮೊದಲ ಬಾರಿಗೆ ತಪ್ಪಿಲ್ಲದೆ ಒಂದಿಡೀ ಮಾತು ಆಡಿದ್ದು, ನನ್ನ ಮಗಳಿಗೆ ಜಾಗ ಇದೆಯೇ ಎಂದು ಕೇಳಲು.

ಹಾಗಾದರೆ ಇಬ್ಬರನ್ನೂ ಸೇರಿಸುವುದೇ ಬೇಡ ಎಂದರು ನನ್ನ ಗಂಡ. ಮನೆ ಓನರ್ ಮುನಿಯಮ್ಮ ಅಲ್ಲೇ ಹತ್ತಿರದ ತಳಿ ಎಂಬ ಊರಿನ ಕಡೆಯವರು, ಕನ್ನಡ, ತಮಿಳು, ತೆಲುಗು ಮೂರರಲ್ಲೂ ಗದರುವ ಹೆಂಗಸು. "ಕೈಗ್ ಬಂದಿದ್ದ ಬಿಟ್‌ಬುಟ್ಟೀಯ? ಒಬ್ಳು ಒಳೀಕ್ ಹೋದ್ರೆ, ಬರೋ ವರ್ಸ ಅಕ್ಕ ಓದ್ತಾವ್ಳೆ ಅಂತ ಇನ್ನೊಬ್ಳಿಗೂ ಕೊಡ್ತಾರೆ ಕಣಮ್ಮ," ಎಂದರು.

ಹಾಗೆ ನಯನ ಶಾಲೆಗೆ ಹೋದಳು. ನಂದಿನಿಯನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅವಳನ್ನು ಊರಿಗೆ, ನಮ್ಮವ್ವನ ಹತ್ತಿರ ಬಿಟ್ಟು ಬಂದೆ. ಅವಳು ಅಳಲಿಲ್ಲ. ನಯನ ಮುಂದಿನ ಬಸ್ಸಿಗೆ ಬರುತ್ತಾಳೆಂದುಕೊಂಡು ರಸ್ತೆಯನ್ನೇ ನೋಡುತ್ತಿದ್ದಳಂತೆ. ಅವ್ವ ಇದನ್ನು ಎಷ್ಟೋ ದಿನ ನನಗೆ ಹೇಳಲೇ ಇಲ್ಲ.

ಮರುವರ್ಷ ಮುನಿಯಮ್ಮ ಹೇಳಿದಂತೆಯೇ ಆಯಿತು. ಒಡಹುಟ್ಟಿದವಳೆಂದು ನಂದಿನಿಗೆ ಸೀಟು ಸಿಕ್ಕಿತು, ಆದರೆ ಎಲ್‌ಕೆಜಿಯಲ್ಲಿ ಮಾತ್ರ. ನಯನ ಆಗಲೇ ಯುಕೆಜಿ. ಮಾತು ಬರುವ ಮೊದಲೇ ತಮ್ಮಿಬ್ಬರಿಗಷ್ಟೇ ತಿಳಿಯುವ ಭಾಷೆಯಲ್ಲಿ ಗಂಟೆಗಟ್ಟಲೆ ಹರಟಿದ್ದ ಮಕ್ಕಳು. ನಂದಿನಿಯನ್ನು ಊರಿಂದ ಕರೆತಂದ ಮೇಲೆ, ನಯನ ಬೀದಿಯ ಗೆಳತಿಯರೊಡನೆ ತಮಿಳಿನಲ್ಲಿ ಆಡುವಾಗ ನಂದಿನಿ ನನ್ನ ಸೆರಗು ಜಗ್ಗಿ, "ಅವ್ಳು ಏನಂತವ್ಳಮ್ಮ?" ಎಂದು ಮೆಲ್ಲಗೆ ಕೇಳುತ್ತಿದ್ದಳು.

ಶಾಲೆಯ ಮೊದಲ ದಿನ ನಂದಿನಿ ಯಾರನ್ನೂ ಕೇಳದೆ ನಯನಳ ಹಿಂದೆಯೇ ಮೆಟ್ಟಿಲು ಹತ್ತಿ, ಅವಳ ಪಕ್ಕ ಒತ್ತಿಕೊಂಡು ಕೂತಳಂತೆ; ಆಮೇಲೆ ಟೀಚರ್ ಹೇಳಿದ್ದು. "ಇದು ಉನ್ ಕ್ಲಾಸ್ ಇಲ್ಲೆ," ಎಂದಳು ನಯನ. ಇದು ನಿನ್ನ ಕ್ಲಾಸಲ್ಲ ಎಂದು. ನಂದಿನಿಗೆ ಅರ್ಥವಾಗಲಿಲ್ಲ, ನಕ್ಕಳು. ಟೀಚರ್ ಅವಳನ್ನು ಎತ್ತಿಕೊಂಡು ಕೆಳಗಿನ ಎಲ್‌ಕೆಜಿಗೆ ಒಯ್ದಾಗಲೇ ಕಿರುಚಿ ಅತ್ತಿದ್ದು. ಗೇಟಿನ ಹೊರಗೆ ನಿಂತಿದ್ದ ನನಗೆ ಆ ಅಳು ಕೇಳಿಸುತ್ತಿತ್ತು. ಒಳಗೆ ಹೋಗಲು ಬಿಡಲಿಲ್ಲ.

ಈಗ ನಂದಿನಿಯೂ ತಮಿಳು ಕಲಿಯುತ್ತಿದ್ದಾಳೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುವ ದಿನಗಳೂ ಇವೆ. ಆದರೆ ರಜೆ ಬಂದು, "ಊರಿಗೆ ಹೋಗೋಣ ಬನ್ರೇ," ಎಂದರೆ ನಂದಿನಿ ಓಡಿ ಹೋಗಿ ಚಪ್ಪಲಿ ಮೆಟ್ಟುತ್ತಾಳೆ. ನಯನ ಕೂತಲ್ಲಿಂದಲೇ ತಲೆಯೆತ್ತಿ ಕೇಳುತ್ತಾಳೆ: "ನಂದಿನಿಯ ಊರಿಗಾ?"